ದುಡಿಯುವ ನಿರಾಶ್ರಿತ ಮಕ್ಕಳಿಗೆ ಪ್ರಾರ್ಥನಾ ಮಂದಿರದಲ್ಲಿ ಶಾಲೆ: ಶುರು ಮಾಡುವುದು, ನಡೆಸುವುದು, ಮುಂದಕ್ಕೆ ದಾಟಿಸುವುದು

ಇಟ್ಟಿಗೆ ಗೂಡಿನಲ್ಲಿ ಬೇಸಿಗೆಯ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ದೊಡ್ಡವರು ಮಣ್ಣು ಕಲಸಿ ಅಚ್ಚಿಗೆ ತುಂಬುತ್ತಾರೆ. ನೆಲಕ್ಕಿಳಿದ ಹಸಿ ಇಟ್ಟಿಗೆ ಒಂದು ಮಗ್ಗುಲು ಒಣಗಿದ ಕೂಡಲೇ ಅದನ್ನು ಮಗುಚಿ ನಿಲ್ಲಿಸುವುದು ಎಂಟು ಹತ್ತು ವರ್ಷದ ಮಕ್ಕಳ ಪಾಲಿನ ಕೆಲಸ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು ಇಡೀ ಮನೆಗೆ ಸೇರಿ ಬರುವುದರಿಂದ ಮಗುವಿನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಸಿಗುವುದಿಲ್ಲ. ಪಾಕಿಸ್ತಾನದ ಗೂಡುಗಳಲ್ಲಿರುವ ಅನೇಕ ಅಫ್ಘನ್ ಮಕ್ಕಳ ದಿನ ಹೀಗೆ ಕಳೆಯುತ್ತದೆ. ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯನ್ ಮಕ್ಕಳು ಆಲೂಗಡ್ಡೆ, ಈರುಳ್ಳಿ ಹೊಲಗಳಿಗೆ ಟ್ರಕ್ಕು ಹತ್ತಿ ಹೋಗುತ್ತಾರೆ. ಇಂಥ ಕಡೆ ಮಸೀದಿಯೋ ಚರ್ಚೋ ಬೌದ್ಧ ವಿಹಾರವೋ ಒಳ್ಳೆಯ ಮನಸ್ಸಿನಿಂದ ಬೆಳಿಗ್ಗೆ 9 ಗಂಟೆಗೆ ಶಾಲೆ ತೆರೆದರೆ ಬರುವವರು ಯಾರು? ಹೇಗೂ ಶಾಲೆಗೆ ಹೋಗಬಹುದಾಗಿದ್ದ ಮಕ್ಕಳು. ಯಾರಿಗಾಗಿ ಬಾಗಿಲು ತೆರೆದಿರೋ ಆ ಮಗು ಆ ಹೊತ್ತಿಗೆ ಇಟ್ಟಿಗೆ ಮಗುಚುತ್ತಿರುತ್ತದೆ.

ಈ ಬರಹ ಆ ಮಗುವನ್ನು ಮುಂದಿಟ್ಟುಕೊಂಡು ಬರೆದದ್ದು. ಪ್ರಾರ್ಥನಾ ಮಂದಿರಗಳ ಬಳಿ ಜಾಗವಿದೆ, ಜನರ ನಂಬಿಕೆ ಇದೆ, ವಾರವಾರವೂ ಬಂದು ಸೇರುವ ಸ್ವಯಂಸೇವಕರಿದ್ದಾರೆ. ಇಲ್ಲದಿರುವುದು ಸಾಮಾನ್ಯವಾಗಿ ಎರಡೇ: ಮಗುವಿನ ದುಡಿಮೆಯ ಲೆಕ್ಕ, ಮತ್ತು ಧರ್ಮಕ್ಕೂ ಪಾಠಕ್ಕೂ ನಡುವೆ ಎಳೆದ ಸ್ಪಷ್ಟವಾದ ಗೆರೆ.

ಮೊದಲ ಎರಡು ವಾರ ಶಾಲೆ ತೆರೆಯಬೇಡಿ

ಆ ಎರಡು ವಾರ ಬರೀ ಕೇಳಿ ಬರೆದುಕೊಳ್ಳಿ. ಒಂದೊಂದು ಮನೆಗೆ ಒಂದು ಹಾಳೆ. ಅದರಲ್ಲಿ 24 ಗಂಟೆಯ ಗೆರೆ ಎಳೆದು ಮಗು ಯಾವಾಗ ಏಳುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ, ಯಾವಾಗ ಮರಳುತ್ತದೆ, ನೀರು ತರುವುದು ಯಾರು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಯಾರು ಎಂದು ಗುರುತು ಹಾಕಿ. ಕೆಳಗೆ 12 ತಿಂಗಳ ಇನ್ನೊಂದು ಗೆರೆ: ಬಿತ್ತನೆ, ಕೊಯ್ಲು, ಮಳೆಗಾಲದಲ್ಲಿ ಗೂಡು ನಿಲ್ಲುವ ದಿನಗಳು, ಕೆಲಸವೇ ಇಲ್ಲದ ತಿಂಗಳು. ಶಾಲೆಯ ವೇಳಾಪಟ್ಟಿ ಹುಟ್ಟಬೇಕಾದ್ದು ಈ ಎರಡು ಗೆರೆಗಳಿಂದ.

ತಂದೆಯನ್ನು ಮಾತ್ರ ಕೇಳಿದರೆ ಹೆಣ್ಣುಮಕ್ಕಳ ದುಡಿಮೆ ಕಾಣಿಸುವುದಿಲ್ಲ. "ಅವಳು ಮನೆಯಲ್ಲೇ ಇರ್ತಾಳೆ" ಎಂಬ ಮಾತಿನ ಹಿಂದೆ ದಿನಕ್ಕೆ ಐದಾರು ಗಂಟೆಯ ನೀರು, ಸೌದೆ, ಅಡುಗೆ, ಕಂಕುಳ ಕೂಸು ಇರುತ್ತವೆ. ತಾಯಿಯನ್ನು ಬೇರೆಯಾಗಿ, ಹೆಂಗಸೊಬ್ಬರೇ ಹೋಗಿ ಕೇಳಬೇಕು. ಮನೆಯ ಸಾಲ ಎಷ್ಟು, ಯಾರಿಗೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಬೇಡಿ. ಮೂರನೆಯ ಭೇಟಿಯ ಹೊತ್ತಿಗೆ ಅವರೇ ಹೇಳುತ್ತಾರೆ.

ಹಾಳೆಯಲ್ಲಿ ಮಾಲೀಕನ ಹೆಸರು, ಕೆಲಸದ ಸ್ಥಳದ ಹೆಸರು ಬೇಡ. ಸಂಕೇತ ಸಂಖ್ಯೆ ಸಾಕು. ಹೆಸರಿನ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರಲಿ. ಆ ಕಾಗದ ತಪ್ಪಿದ ಕೈಗೆ ಹೋದರೆ ಮನೆಮಂದಿಗೆ ಕೆಲಸ ಹೋಗಬಹುದು, ಕಾಗದಪತ್ರವಿಲ್ಲದವರಿಗೆ ಬಂಧನದ ಭಯ, ಗಡಿಪಾರಿನ ಭಯ.

ಮಧ್ಯವರ್ತಿಯನ್ನು ಅರ್ಥ ಮಾಡಿಕೊಳ್ಳಿ. ಬೆಕಾದಲ್ಲಿ ಅವನನ್ನು ಶಾವೀಶ್ ಎನ್ನುತ್ತಾರೆ: ಹೊಲದವನಿಗೆ ಕೂಲಿಯಾಳು ಒದಗಿಸುವವನೂ ಅವನೇ, ಕೂಲಿಯಲ್ಲಿ ಪಾಲು ಹಿಡಿಯುವವನೂ ಅವನೇ, ಡೇರೆ ಹಾಕಿದ ಜಾಗದ ಬಾಡಿಗೆಯ ಮಾತು ನಡೆಸುವವನೂ ಅವನೇ. ಅವನ ಎದುರು ದೊಡ್ಡ ದನಿಯಲ್ಲಿ ಮಕ್ಕಳ ಹಕ್ಕಿನ ಮಾತಾಡಿ ನೀವು ಸಂಜೆ ಮನೆಗೆ ಹೋಗುತ್ತೀರಿ. ಡೇರೆ ಕಿತ್ತುಕೊಂಡು ಹೊರಡಬೇಕಾದವರು ಆ ಕುಟುಂಬದವರು. ದಿನಕ್ಕೆ ಎರಡೂವರೆ ಗಂಟೆ ಮಕ್ಕಳನ್ನು ಬಿಡುವ ಮಾತು ಅವನಿಂದ ಮೊದಲು ಪಡೆಯಿರಿ. ಆ ಮಾತು ಆಡಲು ಊರಿನ ಇಮಾಮರೋ ಪಾದ್ರಿಯೋ ಭಿಕ್ಷುವೋ ಹೋದರೆ ಆಗುವ ಕೆಲಸ ಯಾವ ಸಂಸ್ಥೆಯ ಪತ್ರದಿಂದಲೂ ಆಗುವುದಿಲ್ಲ. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಗೆ ಇರುವ ನಿಜವಾದ ಬಲ ಇದು.

ಯಾವ ದುಡಿಮೆಗೆ ಹೊಂದಿಕೊಳ್ಳಬೇಕು, ಯಾವುದಕ್ಕೆ ಕೂಡದು

ದುಡಿಮೆಯ ವೇಳೆಗೆ ತಕ್ಕಂತೆ ಶಾಲೆ ನಡೆಸಿದರೆ ಬಾಲಕಾರ್ಮಿಕ ಪದ್ಧತಿಯನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಎರಡು ಒಪ್ಪಂದಗಳನ್ನು ಅಳತೆಗೋಲಾಗಿ ಹಿಡಿಯಿರಿ. 1973ರ 138ನೆಯ ಒಪ್ಪಂದದ ಪ್ರಕಾರ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸು 15, ಅಭಿವೃದ್ಧಿಶೀಲ ದೇಶಗಳಿಗೆ 14ರ ವಿನಾಯಿತಿ. ಓದಿಗೆ ಅಡ್ಡಿಯಾಗದ ಹಗುರ ಕೆಲಸಕ್ಕೆ 13, ವಿನಾಯಿತಿ ಪಡೆದ ಕಡೆ 12. 1999ರ 182ನೆಯ ಒಪ್ಪಂದ ಜೀತ, ಸಾಗಣೆ, ಲೈಂಗಿಕ ಶೋಷಣೆ, ಅಪಾಯದ ಕೆಲಸ ಇವುಗಳನ್ನು 18ರ ಒಳಗಿನ ಎಲ್ಲರಿಗೂ ನಿಷೇಧಿಸುತ್ತದೆ. ಇದರ ಜೊತೆಗೆ ನೀವಿರುವ ದೇಶದ ಕಾನೂನನ್ನೂ ಓದಿ.

ಆದ್ದರಿಂದ ಹಾಳೆಗಳನ್ನು ಮೂರು ಕಟ್ಟು ಮಾಡಿ. ಮನೆಗೆಲಸ, ಹಗುರ ಕೆಲಸದ ಮಕ್ಕಳಿಗೆ ವೇಳಾಪಟ್ಟಿ ಹೊಂದಿಸಿದರೆ ಸಾಕು. ವಯಸ್ಸಿಗೆ ಮೀರಿ ದಿನವಿಡೀ ದುಡಿಯುವ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಲೇ ದುಡಿಮೆಯ ಗಂಟೆ ತಿಂಗಳು ತಿಂಗಳಿಗೆ ಇಳಿಯುತ್ತಿದೆಯೇ ಎಂದು ನೋಡಬೇಕು. ಇಳಿಯದಿದ್ದರೆ ನಿಮ್ಮ ಶಾಲೆ ಅವರ ದಿನಕ್ಕೆ ಇನ್ನೊಂದು ಹೊರೆ ಹಾಕಿದೆ ಎಂದೇ ಅರ್ಥ. ಮೂರನೆಯ ಕಟ್ಟು ಜೀತ, ಕೀಟನಾಶಕ ಸಿಂಪಡಣೆ, ಕುಲುಮೆ, ಯಂತ್ರ, ಲೈಂಗಿಕ ಶೋಷಣೆಯ ಗುಮಾನಿ ಇರುವ ಮಕ್ಕಳದ್ದು. ಇದನ್ನು ನೀವೊಬ್ಬರೇ ಹೊರಬೇಡಿ. ಮಕ್ಕಳ ರಕ್ಷಣೆಯ ಪ್ರಕರಣ ನೋಡಿಕೊಳ್ಳುವ ತರಬೇತಾದ ಸಂಸ್ಥೆ ಅಥವಾ ಸರ್ಕಾರಿ ಅಧಿಕಾರಿಯ ಜೊತೆ ಶಾಲೆ ತೆರೆಯುವ ಮೊದಲೇ ಮಾತಾಡಿ, ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ ಹೇಳಬೇಕು ಎಂದು ಬರೆದಿಟ್ಟುಕೊಳ್ಳಿ.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಮಗುವನ್ನು ಬಿಡಿಸಲೆಂದು ಭಕ್ತರಿಂದ ಹಣ ಕೂಡಿಸಿ ಮನೆಯವರು ಗೂಡಿನ ಮಾಲೀಕನಿಂದ ಪಡೆದ ಮುಂಗಡ ಸಾಲ ತೀರಿಸುವುದು ಪುಣ್ಯದ ಕೆಲಸದಂತೆ ಕಾಣುತ್ತದೆ. ಆದರೆ ಸಾಲದ ಲೆಕ್ಕ ಮಾಲೀಕನ ಪುಸ್ತಕದಲ್ಲಿರುತ್ತದೆ. ತೀರಿಸುವವರು ಬಂದಿದ್ದಾರೆಂದು ತಿಳಿದರೆ ಮೊತ್ತ ಏರುತ್ತದೆ, ಮುಂದಿನ ಕಾಯಿಲೆಗೆ ಅದೇ ಮನೆ ಮತ್ತೆ ಮುಂಗಡ ಪಡೆಯುತ್ತದೆ. ಪಾಕಿಸ್ತಾನದಲ್ಲಿ 1992ರ ಜೀತ ನಿರ್ಮೂಲನಾ ಕಾಯ್ದೆ ಇಂಥ ಜೀತದ ಸಾಲವನ್ನೇ ರದ್ದು ಮಾಡಿದೆ. ಕಾನೂನು ನೆರವಿನ ವಕೀಲರನ್ನು ಕಾಣದೆ ಒಂದು ಪೈಸೆಯನ್ನೂ ಮಾಲೀಕನ ಕೈಗೆ ಕೊಡಬೇಡಿ.

ಧರ್ಮ ಎಲ್ಲಿ, ಪಾಠ ಎಲ್ಲಿ

ಹಸಿದವರಿಗೆ ಅನ್ನ, ಅಕ್ಷರ ಕೊಡುವವರು ಏನು ಹೇಳಿದರೂ ಹಸಿದವರು ತಲೆಯಾಡಿಸುತ್ತಾರೆ. ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಮಕ್ಕಳ ಹಕ್ಕುಗಳ ಕುರಿತ 1989ರ ಒಪ್ಪಂದದ 14ನೆಯ ವಿಧಿ ಮಗುವಿನ ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನೂ ಅದರಲ್ಲಿ ದಾರಿ ತೋರುವ ಹೆತ್ತವರ ಹಕ್ಕನ್ನೂ ಹೇಳುತ್ತದೆ. ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ಹಾಗೂ ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿದ ನಡಾವಳಿಯಲ್ಲಿ, ನೆರವನ್ನು ಯಾವುದೇ ಧಾರ್ಮಿಕ ಅಥವಾ ರಾಜಕೀಯ ನಿಲುವು ಹರಡಲು ಬಳಸುವುದಿಲ್ಲ ಎಂಬ ಮಾತಿದೆ.

ಇದನ್ನು ದಿನನಿತ್ಯದ ನಿಯಮವಾಗಿ ಇಳಿಸುವುದು ಹೀಗೆ. ಓದು, ಲೆಕ್ಕ, ಭಾಷೆಯ ತರಗತಿ ಒಂದು ಹೊತ್ತು, ಧರ್ಮದ ತರಗತಿ ಇನ್ನೊಂದು ಹೊತ್ತು. ನಡುವೆ ಕನಿಷ್ಠ 15 ನಿಮಿಷ ಬಿಡುವು, ಆ ಬಿಡುವಿನಲ್ಲಿ ಮನೆಗೆ ಹೋಗುವ ಮಗು ಹೋಗಬಹುದು. ಊಟ, ಪುಸ್ತಕ, ಸಾಬೂನು, ಕಂಬಳಿ ಎಲ್ಲವೂ ಮೊದಲ ಹೊತ್ತಿನಲ್ಲೇ ಹಂಚಿ ಮುಗಿಯಬೇಕು. ಇದೊಂದೇ ಬದಲಾವಣೆ ಅರ್ಧ ಗೊಂದಲ ಕಳೆಯುತ್ತದೆ. ಊಟವನ್ನು ಪ್ರಾರ್ಥನೆಯ ನಂತರಕ್ಕೆ ಇಟ್ಟರೆ ನೀವು ಬಾಯಲ್ಲಿ ಏನೇ ಹೇಳಿದರೂ ಮಗುವಿಗೆ ತಿಳಿಯುವುದು "ಕೂತರೆ ಮಾತ್ರ ಊಟ" ಎಂದೇ. ಒಪ್ಪಿಗೆಯ ಪತ್ರ ಹೆತ್ತವರ ಭಾಷೆಯಲ್ಲಿರಲಿ, ಓದು ಬಾರದವರಿಗೆ ಅವರದೇ ಸಮುದಾಯದವರು ಓದಿ ಹೇಳಲಿ, ಧರ್ಮದ ತರಗತಿಗೆ ಬೇರೆ ಸಾಲಿನಲ್ಲಿ ಹೌದು, ಇಲ್ಲ ಎಂಬ ಎರಡು ಚೌಕವಿರಲಿ. "ಇಲ್ಲ" ಎಂದವರ ಮಕ್ಕಳ ಹಾಜರಿ ಮುಂದಿನ ತಿಂಗಳು ಕಡಿಮೆಯಾಯಿತೇ ಎಂದು ಒಮ್ಮೆ ಎಣಿಸಿ ನೋಡಿ. ಕಡಿಮೆಯಾಗಿದ್ದರೆ ಯಾರೋ ಎಲ್ಲೋ ಒತ್ತಡ ಹಾಕುತ್ತಿದ್ದಾರೆ.

ನಿಮ್ಮ ಮತ್ತು ಮಕ್ಕಳ ಧರ್ಮ ಒಂದೇ ಆಗಿದ್ದಲ್ಲಿ ಪರಿಸ್ಥಿತಿ ಬೇರೆ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ, ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾ ನಿರಾಶ್ರಿತರ ಶಿಬಿರಗಳಲ್ಲಿ, ಮಕ್ಕಳು ಬೆಳಗಿನ ಹೊತ್ತು ಕುರಾನ್ ಓದಲು ಕಲಿಸುವ ಮಕ್ತಬ್‌ಗೆ ಹೋಗುತ್ತಾರೆ. ಅದರ ಹೊತ್ತಿಗೆ ಅಡ್ಡ ಬರುವಂತೆ ತರಗತಿ ಇಟ್ಟರೆ ಸೋಲು ನಿಮ್ಮದೇ. ಅಲ್ಲಿನ ಉಸ್ತಾದರ ಜೊತೆ ಕೂತು ಹೊತ್ತು ಹಂಚಿಕೊಳ್ಳಿ. ಮಕ್ತಬ್‌ನಿಂದ ಬರುವ ಮಗುವಿಗೆ ಸಾಲು ಹಿಡಿದು ಕಣ್ಣು ಓಡಿಸುವುದು, ಅಕ್ಷರಕ್ಕೆ ದನಿ ಇದೆ ಎಂಬ ತಿಳಿವು, ಕೂತು ಕಲಿಯುವ ರೂಢಿ ಆಗಲೇ ಬಂದಿರುತ್ತವೆ. ಆದರೆ ಅರಬ್ಬಿ ಅಕ್ಷರ ಬಲದಿಂದ ಎಡಕ್ಕೆ, ಶಾಲೆಯ ಬರ್ಮೀ ಅಕ್ಷರ ಎಡದಿಂದ ಬಲಕ್ಕೆ. ಆ ಮಗು ನೋಟುಪುಸ್ತಕವನ್ನು ಹಿಂದಿನ ರಟ್ಟಿನಿಂದ ತೆರೆಯುತ್ತದೆ. ಇದನ್ನು ತಪ್ಪೆಂದು ಬೈಯಬೇಡಿ. ಮೊದಲ ಎರಡು ವಾರ ಪುಟದ ಎಡ ಅಂಚಿನಲ್ಲಿ ಬಣ್ಣದ ಚುಕ್ಕೆ ಇಟ್ಟು "ಇಲ್ಲಿಂದ ಹೊರಡು" ಎಂದು ತೋರಿಸಿ. ಮೂರನೆಯ ವಾರ ಚುಕ್ಕೆ ಬೇಡವಾಗುತ್ತದೆ.

ಜಾಗ

ಸಭಾಂಗಣದಲ್ಲಿ ನೆಲದ ಮೇಲೆ ಕೂರುವ ಒಂದು ಮಗುವಿಗೆ ಒಂದರಿಂದ ಒಂದೂವರೆ ಚದರ ಮೀಟರ್‌ನಂತೆ ಲೆಕ್ಕ ಹಾಕಿ. 25 ಮಕ್ಕಳಿಗೆ ಸುಮಾರು 5 ಮೀಟರ್‌ಗೆ 7 ಮೀಟರ್ ಕೋಣೆ ಸಾಕು. ತುರ್ತು ನೆರವಿನಲ್ಲಿ ಎಲ್ಲರೂ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಶಾಲೆಯಲ್ಲಿ 30 ಹುಡುಗಿಯರಿಗೆ ಒಂದು, 60 ಹುಡುಗರಿಗೆ ಒಂದು ಶೌಚಾಲಯ, ಕುಡಿಯಲು ಮತ್ತು ಕೈ ತೊಳೆಯಲು ಮಗುವೊಂದಕ್ಕೆ ದಿನಕ್ಕೆ 3 ಲೀಟರ್ ನೀರು ಬೇಕು. ಹುಡುಗಿಯರ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಮುಚ್ಚಳದ ಬುಟ್ಟಿ ಇರಲೇಬೇಕು. ಇವೆರಡು ಇಲ್ಲದ ಕಡೆ 12 ದಾಟಿದ ಅನೇಕ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಬರುವುದಿಲ್ಲ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಹೊರಹೋಗಲು ಎರಡು ಬಾಗಿಲು ನೋಡಿಕೊಳ್ಳಿ.

ಪ್ರಾರ್ಥನೆಯ ದಿನ, ಹಬ್ಬ, ಉಪವಾಸದ ತಿಂಗಳು, ಮದುವೆ, ಸಾವು: ಇಂಥ ದಿನಗಳಲ್ಲಿ ಸಭಾಂಗಣ ನಿಮಗೆ ಸಿಗುವುದಿಲ್ಲ. ವರ್ಷದ ಆರಂಭದಲ್ಲೇ ಇವನ್ನು ಕ್ಯಾಲೆಂಡರಿನಲ್ಲಿ ಹಾಕಿ, ಬದಲಿ ಜಾಗವೊಂದನ್ನು ಹುಡುಕಿಡಿ. ದುಡಿಯುವ ಮಗು ಮೇಸ್ತ್ರಿಯ ಹತ್ತಿರ ಕೇಳಿಕೊಂಡು ಬಂದು ಬೀಗ ಹಾಕಿದ ಬಾಗಿಲು ಕಂಡರೆ, ಇನ್ನೊಮ್ಮೆ ಕೇಳಿಕೊಳ್ಳಲು ಅದಕ್ಕೆ ಧೈರ್ಯ ಬರುವುದಿಲ್ಲ.

ಎರಡೂವರೆ ಗಂಟೆ, ಎರಡು ಪಾಳಿ

ಇಡೀ ಯೋಜನೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಇದನ್ನು ಆರಿಸುತ್ತೇವೆ: ದಿನಕ್ಕೆ ಎರಡು ಪಾಳಿ, ಎರಡರಲ್ಲೂ ಅದೇ ಪಾಠ. ಹೊಲದ ಕೆಲಸ ಬೆಳಿಗ್ಗೆ ಇದ್ದರೆ ಮಗು ಮಧ್ಯಾಹ್ನದ ಪಾಳಿಗೆ ಬರುತ್ತದೆ, ಕೆಲಸ ಮಧ್ಯಾಹ್ನಕ್ಕೆ ಬಿದ್ದರೆ ಬೆಳಿಗ್ಗೆ. ಹೆಸರು ಒಂದೇ ಪುಸ್ತಕದಲ್ಲಿರುತ್ತದೆ. ನಿಗದಿತ ಪಾಳಿ ಒಂದೇ ಎಂದು ಕಟ್ಟಿಹಾಕಿದರೆ ಕೆಲಸದ ವೇಳೆ ಬದಲಾದ ವಾರವೇ ಮಗು ಕೈ ತಪ್ಪುತ್ತದೆ.

ಒಂದು ಪಾಳಿಯ 150 ನಿಮಿಷವನ್ನು ಹೀಗೆ ಹಂಚಬಹುದು. ಕೈಕಾಲು ತೊಳೆದು ತಿನ್ನಲು 15, ಮನೆಮಾತಿನಲ್ಲಿ ಓದು ಬರಹ 50, ಲೆಕ್ಕ 40, ಆಶ್ರಯ ಕೊಟ್ಟ ದೇಶದ ಭಾಷೆ 30, ಆಟ ಅಥವಾ ಮಾತುಕತೆ 15. ವಾರಕ್ಕೆ 5 ದಿನ, ವರ್ಷಕ್ಕೆ 40 ವಾರ ನಡೆದರೆ 500 ಗಂಟೆ ಪಾಠವಾಗುತ್ತದೆ. ಪೂರ್ಣಾವಧಿ ಶಾಲೆಗಿಂತ ಇದು ಬಹಳ ಕಡಿಮೆ, ಆದ್ದರಿಂದ ವಿಷಯಗಳ ಸಂಖ್ಯೆ ಹೆಚ್ಚಿಸುವ ಆಸೆ ಬಿಡಿ. ವಿಜ್ಞಾನ, ಚಿತ್ರಕಲೆ, ಕಂಪ್ಯೂಟರ್ ಎಲ್ಲ ಇದೆ ಎಂದು ದಾನಿಗಳ ಮುಂದೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಓದಲು ಬಾರದ ಮಗುವಿಗೆ ಅದು ಯಾವುದೂ ನಿಲ್ಲುವುದಿಲ್ಲ.

ತಿನ್ನಲು ಮೊದಲೇ ಕೊಡಿ, ಕೊನೆಗಲ್ಲ. ಬೆಳಗಿನ ಜಾವದಿಂದ ದುಡಿದು ಬಂದ ಮಗುವಿಗೆ ಖಾಲಿ ಹೊಟ್ಟೆಯಲ್ಲಿ ಅಕ್ಷರ ಕಾಣುವುದಿಲ್ಲ. ಬೇಯಿಸಿದ ಕಾಳು, ಮೊಟ್ಟೆ, ರೊಟ್ಟಿ, ಹಣ್ಣು, ಅಲ್ಲಿ ಸಿಗುವ ಯಾವುದಾದರೂ ಸರಿ. ಹೊಲದಿಂದ ನೇರ ಬರುವವರ ಕೈಯಲ್ಲಿ ಕೀಟನಾಶಕದ ಅಂಶ ಇರಬಹುದಾದ್ದರಿಂದ ಸಾಬೂನು ಹಚ್ಚದೆ ತಟ್ಟೆ ಮುಟ್ಟಕೂಡದು. ತಿಂದ ಮೇಲೆ ನಿದ್ದೆಗೆ ಜಾರುವ ಮಕ್ಕಳಿಗೆ ಮೂಲೆಯಲ್ಲಿ ಚಾಪೆ ಹಾಸಿ 20 ನಿಮಿಷ ಮಲಗಲು ಬಿಡಿ. ಎಬ್ಬಿಸಿ ನಿಲ್ಲಿಸಿದರೆ ಕಲಿಯುವುದು ಏನೂ ಇಲ್ಲ.

ಕೊಯ್ಲಿನ ತಿಂಗಳಲ್ಲಿ ಮೂರು ನಾಲ್ಕು ವಾರ ಬರಲಾಗದವರಿಗೆ ಜೇಬಿನಲ್ಲಿ ಹಿಡಿಯುವ ರಟ್ಟಿನ ಕಾರ್ಡು ಕೊಡಿ: ಒಂದು ಬದಿಯಲ್ಲಿ ಐದು ಸಾಲಿನ ಕಥೆ, ಇನ್ನೊಂದು ಬದಿಯಲ್ಲಿ ಆರು ಲೆಕ್ಕ. ವಾರಕ್ಕೊಂದು. ಎಲ್ಲವನ್ನೂ ಮಾಡಿ ತರುತ್ತಾರೆಂದಲ್ಲ, ನಿನ್ನ ಜಾಗ ಇಲ್ಲಿ ಇದೆ ಎಂದು ಆ ಕಾರ್ಡು ಹೇಳುತ್ತದೆ.

ವಯಸ್ಸು ನೋಡಬೇಡಿ, ಮಟ್ಟ ನೋಡಿ

ಭಾರತದ ಪ್ರಥಮ್ ಸಂಸ್ಥೆ ರೂಪಿಸಿ ಅನೇಕ ದೇಶಗಳಲ್ಲಿ ಬಳಕೆಗೆ ಬಂದ ವಿಧಾನ ಇಲ್ಲಿ ಹೇಳಿ ಮಾಡಿಸಿದಂತಿದೆ. ಪ್ರತಿ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ, ಸಣ್ಣ ಕಥೆ ಹೀಗೆ ಒಂದೊಂದೇ ಹಾಳೆ ಕೊಟ್ಟು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಲೆಕ್ಕದಲ್ಲೂ ಹಾಗೇ: ಅಂಕಿ ಗುರುತಿಸುವುದು, ಕಳೆಯುವುದು, ಭಾಗಿಸುವುದು. ಒಬ್ಬರಿಗೆ ಸುಮಾರು 10 ನಿಮಿಷ. 40 ಮಕ್ಕಳಿಗೆ ಒಬ್ಬ ಶಿಕ್ಷಕರಿಗೆ ಏಳು ಗಂಟೆ ಹಿಡಿಯುತ್ತದೆ, ಮೂರು ದಿನಕ್ಕೆ ಹಂಚಿಕೊಳ್ಳಿ. ಆಮೇಲೆ ವಯಸ್ಸು ಮರೆತು ಮಟ್ಟದ ಮೇಲೆ ಗುಂಪು ಮಾಡಿ, 6ರಿಂದ 8 ವಾರಕ್ಕೊಮ್ಮೆ ಮತ್ತೆ ಪರೀಕ್ಷಿಸಿ ಗುಂಪು ಬದಲಿಸಿ. ಗುಂಪಿಗೆ 20–25 ಚೆಂದ, 40 ದಾಟಬಾರದು.

ಒಂದೇ ತಿದ್ದುಪಡಿ: 14 ವರ್ಷದ ಹುಡುಗನನ್ನು 7 ವರ್ಷದವರ ನಡುವೆ ಕೂರಿಸಬೇಡಿ. ಅಕ್ಷರದ ಮಟ್ಟ ಒಂದೇ ಇದ್ದರೂ ನಾಚಿಕೆ ಅವನನ್ನು ಎರಡನೆಯ ದಿನವೇ ಓಡಿಸುತ್ತದೆ. 10 ವರ್ಷ ದಾಟಿದವರಿಗೆ ಬೇರೆ ಗುಂಪು, ಅವರ ವಯಸ್ಸಿಗೆ ಒಪ್ಪುವ ಓದಿನ ಹಾಳೆ ಬೇಕು. ಬೆಕ್ಕು, ಚೆಂಡು ಎಂಬ ಪದಗಳ ಬದಲು ಕೂಲಿ, ಬಸ್ಸು, ಔಷಧಿ ಚೀಟಿ ಇರಲಿ. ಹಲವು ವರ್ಷ ಶಾಲೆ ತಪ್ಪಿದ 10ರಿಂದ 18ರವರಿಗೆ ಎರಡು ತರಗತಿಯ ಪಾಠವನ್ನು ಒಂದು ವರ್ಷದಲ್ಲಿ ಮುಗಿಸುವ ವೇಗವರ್ಧಿತ ಶಿಕ್ಷಣದ ಪಠ್ಯ ಆ ದೇಶದ ಸರ್ಕಾರದ ಬಳಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಅದನ್ನೇ ಬಳಸಿ, ಹೊಸದು ಬರೆಯುವ ಹುಮ್ಮಸ್ಸು ಬೇಡ.

ಬೆರಳು ನೋಡಿ. ಮಣ್ಣು, ಈರುಳ್ಳಿ, ಸಿಮೆಂಟು ಹಿಡಿದ ಕೈಯ ಚರ್ಮ ಬಿರುಕು ಬಿಟ್ಟು ಬೆರಳ ಗಿಣ್ಣು ಬಿಗಿದಿರುತ್ತದೆ. ತೆಳು ಪೆನ್ಸಿಲ್ ಹಿಡಿದು ಒತ್ತಿ ಬರೆದರೆ ಐದು ನಿಮಿಷಕ್ಕೆ ನೋವು ಬರುತ್ತದೆ, ಮಗು ಬರೆಯುವುದನ್ನು ಬಿಟ್ಟು ಪಕ್ಕದವರನ್ನು ಕೆಣಕಲು ಶುರು ಮಾಡುತ್ತದೆ, ಶಿಕ್ಷಕರು ಅದನ್ನು ತುಂಟತನ ಎಂದುಕೊಳ್ಳುತ್ತಾರೆ. ದಪ್ಪ ಪೆನ್ಸಿಲ್ ಕೊಡಿ, ಇಲ್ಲವೇ ತೆಳು ಪೆನ್ಸಿಲ್‌ಗೆ ಬಟ್ಟೆ ಸುತ್ತಿ. ಮೊದಲ ತಿಂಗಳು ಸ್ಲೇಟು ಮತ್ತು ಸೀಮೆಸುಣ್ಣ ಸಾಕು. ಒಂದೇ ಸಲಕ್ಕೆ 10 ನಿಮಿಷಕ್ಕಿಂತ ಹೆಚ್ಚು ಬರೆಸಬೇಡಿ. ಬರುವಾಗ ಕೈಗೆ ಹಚ್ಚಲು ವ್ಯಾಸಲೀನಿನ ಡಬ್ಬಿ ಬಾಗಿಲಲ್ಲಿಡಿ.

ಲೆಕ್ಕದಲ್ಲಿ ಈ ಮಕ್ಕಳು ಶೂನ್ಯದಿಂದ ಬರುವುದಿಲ್ಲ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಿರಾಕಿಯ ಎದುರು ಬಾಯಲ್ಲಿ ಸರಿಯಾಗಿ ಮಾಡುತ್ತಿದ್ದ ಲೆಕ್ಕವನ್ನೇ ಕಾಗದದ ಮೇಲೆ ಕೊಟ್ಟಾಗ ಅವರು ತಪ್ಪುತ್ತಿದ್ದುದನ್ನು ತೋರಿಸಿತು. ಹಾಗಾಗಿ ಬಾಯಿಲೆಕ್ಕದಿಂದ ಶುರು ಮಾಡಿ. "ಒಂದು ಸಾಲಿಗೆ 12 ಇಟ್ಟಿಗೆ, 8 ಸಾಲು, ಎಷ್ಟು?" ಎಂದು ಕೇಳಿ. ಮಗು ಹತ್ತು ಸಾಲಿಗೆ 120 ಹಿಡಿದು ಎರಡು ಸಾಲಿನ 24 ಕಳೆದು 96 ಎನ್ನಬಹುದು. ಅದೇ ದಾರಿಯನ್ನು ಹಲಗೆಯ ಮೇಲೆ ಅಂಕಿಯಲ್ಲಿ ಬರೆದು ತೋರಿಸಿ, ಪುಸ್ತಕದ ಗುಣಾಕಾರ ಆಮೇಲೆ ಬರಲಿ. ಕೂಲಿಯ ಲೆಕ್ಕ ಸರಿಯೇ ಎಂದು ನೋಡಲು ಕಲಿಸುವುದೂ ಒಳ್ಳೆಯದೇ. ಆದರೆ ಮೇಸ್ತ್ರಿಯ ಎದುರು ಮಗುವೇ ತಪ್ಪು ಎತ್ತಿ ತೋರಿಸಿದರೆ ಪೆಟ್ಟು ಬೀಳಬಹುದು. ಲೆಕ್ಕ ಮನೆಯಲ್ಲಿ ನಡೆಯಲಿ, ಮಾತು ದೊಡ್ಡವರಾಡಲಿ.

ಭಾಷೆಯ ಬಗ್ಗೆ ಉದಾಸೀನ ಬೇಡ. ಲೆಬನಾನಿನಲ್ಲಿ ಗಣಿತ, ವಿಜ್ಞಾನ ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತವೆ, ಸಿರಿಯಾದಲ್ಲಿ ಅರಬ್ಬಿಯಲ್ಲೇ ಕಲಿತ ಮಗುವಿಗೆ ಅದು ಗೋಡೆಯಂತೆ ಎದುರಾಗುತ್ತದೆ. ದಿನದ 30 ನಿಮಿಷವನ್ನು ಆ ದೇಶದ ಶಾಲೆಯಲ್ಲಿ ಲೆಕ್ಕದ ತರಗತಿಗೆ ಬೇಕಾಗುವ ಪದಗಳಿಗೆ ಮೀಸಲಿಡಿ: ಕೂಡು, ಕಳೆ, ಸಮ, ಗೆರೆ ಎಳೆ, ಉತ್ತರ ಬರೆ.

ಕಳೆದುಹೋಗುವ ಕೂಲಿಯ ಲೆಕ್ಕ

ಮನೆಯವರು ಮನಸ್ಸಿಲ್ಲದೆ ಮಗುವನ್ನು ಕಳಿಸುತ್ತಿಲ್ಲ ಎಂದುಕೊಳ್ಳುವ ಮೊದಲು ಒಂದು ಗುಣಾಕಾರ ಮಾಡಿ. ಪಾಠದಿಂದ ಮಗು ದಿನಕ್ಕೆ ಎಷ್ಟು ಗಂಟೆ ಕೆಲಸ ಬಿಡುತ್ತದೆ, ಗಂಟೆಗೆ ಕೂಲಿ ಎಷ್ಟು, ತಿಂಗಳಿಗೆ ಎಷ್ಟು ದಿನ. ಆ ಮೊತ್ತ ಮನೆಯ ಬಾಡಿಗೆಗೆ ಸಮವಾಗಿದ್ದರೆ ಬರೀ ಬುದ್ಧಿಮಾತಿನಿಂದ ಏನೂ ಆಗದು. ಅಷ್ಟನ್ನೂ ನೀವು ತುಂಬಿಕೊಡಬೇಕೆಂದಿಲ್ಲ. ಮನೆಗೆ ಒಯ್ಯುವ ಧಾನ್ಯ, ಎಣ್ಣೆ ಬಹಳ ಕಡೆ ಕೆಲಸ ಮಾಡಿದೆ. ನಗದು ಕೊಡುವುದಾದರೆ ಶಿಕ್ಷಕರ ಕೈಯಿಂದ ಕೊಡಿಸಬೇಡಿ, ಹಾಜರಿ ಪುಸ್ತಕ ತಿದ್ದುವ ಒತ್ತಡ ಅವರ ಮೇಲೆ ಬೀಳುತ್ತದೆ.

ಸುಲಭವಾಗಿ ಕಣ್ಣು ತಪ್ಪಿಸುವ ಸಂಗತಿಯೊಂದಿದೆ. ಹತ್ತು ವರ್ಷದವನು ಶಾಲೆಗೆ ಬಂದ ತಿಂಗಳೇ ಎಂಟು ವರ್ಷದ ತಂಗಿ ಅವನ ಜಾಗಕ್ಕೆ ಹೊಲಕ್ಕೆ ಹೋಗಿರುತ್ತಾಳೆ. ನಿಮ್ಮ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಾಯಿತು, ದುಡಿಯುವ ಮಕ್ಕಳು ಅಷ್ಟೇ ಉಳಿದರು. ಆದ್ದರಿಂದ ದಾಖಲಾತಿ ಮಗುವಿನದ್ದಲ್ಲ, ಮನೆಯದ್ದು. 5ರಿಂದ 17ರ ನಡುವಿನ ಎಲ್ಲ ಮಕ್ಕಳ ಹೆಸರೂ ಒಂದೇ ಹಾಳೆಯಲ್ಲಿರಲಿ, ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ದಿನದ ಗೆರೆಯನ್ನೂ ಮತ್ತೆ ಎಳೆಯಿರಿ. ಕಂಕುಳಲ್ಲಿ ಕೂಸು ಹೊತ್ತು ಬರುವ ಹುಡುಗಿಯನ್ನು ಬಾಗಿಲಲ್ಲಿ ತಡೆಯಬೇಡಿ. ಮೂಲೆಯಲ್ಲಿ ಚಾಪೆ, ನಾಲ್ಕು ಆಟಿಕೆ, ನೋಡಿಕೊಳ್ಳಲು ಒಬ್ಬ ಅಜ್ಜಿ ಇದ್ದರೆ ಅವಳ ಎರಡೂ ಕೈ ಬರೆಯಲು ಬಿಡುವಾಗುತ್ತವೆ.

ಕಲಿಸುವವರು, ಕಾಪಾಡುವ ನಿಯಮಗಳು

ಸಾಧ್ಯವಾದಷ್ಟು ಜೋಡಿ ಮಾಡಿ: ನಿರಾಶ್ರಿತ ಸಮುದಾಯದಿಂದ ಒಬ್ಬರು, ಆತಿಥೇಯ ದೇಶದ ಭಾಷೆ ಬಲ್ಲವರೊಬ್ಬರು. ನಿರಾಶ್ರಿತರಿಗೆ ಸಂಬಳದ ಕೆಲಸಕ್ಕೆ ಅನುಮತಿ ಇಲ್ಲದ ದೇಶಗಳಲ್ಲಿ ಗೌರವಧನ ಕೊಡುವ ಪದ್ಧತಿ ಇದೆ. ಅದು ಕಾನೂನಿಗೆ ಒಪ್ಪುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಶುರುವಿನಲ್ಲಿ 5 ದಿನದ ತರಬೇತಿ, ಆಮೇಲೆ ಎರಡು ವಾರಕ್ಕೊಮ್ಮೆ ಅರ್ಧ ದಿನ. ದೊಡ್ಡ ಹುಡುಗಿಯರನ್ನು ಮನೆಯವರು ಕಳಿಸದ ಕಡೆ ಹೆಣ್ಣುಮಕ್ಕಳಿಗೇ ಬೇರೆ ಪಾಳಿ, ಶಿಕ್ಷಕಿ, ಮನೆಯಿಂದ ಕರೆತರಲು ಹಿರಿಯ ಹೆಂಗಸೊಬ್ಬರು ಬೇಕು. ರೋಹಿಂಗ್ಯಾ ಶಿಬಿರಗಳಲ್ಲಿ ಈ ಏರ್ಪಾಡು ಫಲ ಕೊಟ್ಟಿದೆ.

ಹೊಡೆಯುವಂತಿಲ್ಲ, ಒಂದು ಪೆಟ್ಟೂ ಇಲ್ಲ. ಹಗಲೆಲ್ಲ ಮೇಸ್ತ್ರಿಯ ಕೈಯಲ್ಲಿ ಪೆಟ್ಟು ತಿಂದ ಮಗುವಿಗೆ ಶಾಲೆಯಾದರೂ ಬೇರೆಯಾಗಿರಬೇಕು. ಯಾವ ಹಿರಿಯರೂ, ಧರ್ಮಗುರುಗಳೂ ಸೇರಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಕೂಡದು. ದೂರು ಕೇಳುವವರು ಇಬ್ಬರಿರಲಿ, ಒಬ್ಬರು ಹೆಂಗಸು, ಒಬ್ಬರು ಸಂಸ್ಥೆಯ ಹೊರಗಿನವರು. ದೂರು ಧರ್ಮಗುರುವಿಗೆ ಮಾತ್ರ ಹೋಗುವಂತಿದ್ದರೆ ಅವರ ಬಗ್ಗೆಯೇ ದೂರಿರುವ ಮಗು ಬಾಯಿ ಬಿಡುವುದಿಲ್ಲ, ಅವರನ್ನು ಪೂಜ್ಯರೆಂದು ನಂಬಿದ ಹೆತ್ತವರೂ ಬಿಡುವುದಿಲ್ಲ.

ದಾನಿಗಳು ಫೋಟೊ ಕೇಳುತ್ತಾರೆ, ಮಗುವಿನ ಬಾಯಿಂದ ಕೃತಜ್ಞತೆಯ ಮಾತು, ಕೆಲವೊಮ್ಮೆ ನಂಬಿಕೆಯ ಸಾಕ್ಷಿ ಕೇಳುತ್ತಾರೆ. ಕೊಡಬೇಡಿ. ಮುಖ ಕಾಣದ ಚಿತ್ರ, ಊರು ಗೊತ್ತಾಗದ ವಿವರ, ಹಾಜರಿ ಮತ್ತು ಮಟ್ಟದ ಅಂಕಿ ಸಾಕು. ಬಿಟ್ಟು ಬಂದ ದೇಶದಲ್ಲಿ ಇನ್ನೂ ನೆಂಟರಿರುವ ಮನೆಗೆ ಒಂದು ಫೋಟೊ ಎಷ್ಟು ದುಬಾರಿಯಾಗಬಹುದು ಎಂದು ಆ ಹೆತ್ತವರಿಗೆ ಗೊತ್ತು, ನಿಮಗೆ ಎದುರಾಡಲಾರದೆ ಸುಮ್ಮನಿರುತ್ತಾರೆ.

ಹಾಜರಿ ಪುಸ್ತಕ ಓದುವುದು

ಒಂದು ದಿನ ತಪ್ಪಿದರೆ ಸಂಜೆ ಫೋನು. ಎರಡು ದಿನ ತಪ್ಪಿದರೆ ಮೂರನೆಯ ದಿನ ಮನೆಗೆ ಭೇಟಿ. ಒಂದೇ ಕೇರಿಯ ಐದಾರು ಮಕ್ಕಳು ಒಟ್ಟಿಗೆ ತಪ್ಪಿದರೆ ಹೊಸ ಗುತ್ತಿಗೆ ಬಂದಿದೆ ಅಥವಾ ಪೊಲೀಸ್ ತಪಾಸಣೆ ನಡೆದಿದೆ. 13–14ರ ಹುಡುಗಿ ಯಾವ ಕಾರಣವೂ ಹೇಳದೆ ನಿಂತರೆ ಮದುವೆಯ ಮಾತು ನಡೆದಿರಬಹುದು, ಆ ಭೇಟಿ ಮೂರನೆಯ ದಿನದವರೆಗೂ ಕಾಯಬಾರದು. ತಿಂಗಳ ಕೊನೆಗೆ ಮೂರು ಅಂಕಿ ಬರೆದಿಡಿ: ಹಾಜರಿಯ ಪ್ರಮಾಣ, ಮಟ್ಟ ಏರಿದವರ ಸಂಖ್ಯೆ, ಪ್ರತಿ ಮಗುವಿನ ದುಡಿಮೆಯ ಗಂಟೆ. ಮೂರನೆಯದನ್ನು ಬರೆಯುವವರು ಕಡಿಮೆ. ಕೆಲಸದ ಫಲ ಗೊತ್ತಾಗುವುದು ಅಲ್ಲೇ.

ಸರ್ಕಾರಿ ಶಾಲೆಗೆ ದಾಟಿಸುವುದು

ಮೊದಲ ವಾರವೇ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಬನ್ನಿ. 1951ರ ನಿರಾಶ್ರಿತರ ಒಪ್ಪಂದದ 22ನೆಯ ವಿಧಿ ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ಸಹಿ ಹಾಕಿದ ದೇಶ ತನ್ನ ಪ್ರಜೆಗಳಂತೆಯೇ ನಡೆಸಿಕೊಳ್ಳಬೇಕೆನ್ನುತ್ತದೆ, ಆದರೆ ಸಹಿ ಹಾಕದ ದೇಶಗಳಿವೆ, ಲೆಬನಾನ್, ಪಾಕಿಸ್ತಾನ, ಬಾಂಗ್ಲಾದೇಶ, ಥಾಯ್ಲೆಂಡ್ ಅವುಗಳಲ್ಲಿ ಸೇರಿವೆ. ಸಹಿ ಹಾಕದ ಕಡೆಯೂ ದಾರಿ ಇರಬಹುದು: ಥಾಯ್ಲೆಂಡ್ 2005ರ ಸಂಪುಟ ನಿರ್ಣಯದ ಮೂಲಕ ಕಾಗದಪತ್ರವಿಲ್ಲದ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಿತು, ಲೆಬನಾನ್ ಸಿರಿಯನ್ ಮಕ್ಕಳಿಗಾಗಿ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಎರಡನೆಯ ಪಾಳಿ ನಡೆಸಿತು. ಟರ್ಕಿಯಲ್ಲಿ ಸಿರಿಯನ್ ಮಕ್ಕಳ ತಾತ್ಕಾಲಿಕ ಶಿಕ್ಷಣ ಕೇಂದ್ರಗಳನ್ನು 2016ರಿಂದ ಹಂತಹಂತವಾಗಿ ಮುಚ್ಚಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಲಾಯಿತು. ಅಂಥ ದಿನ ನಿಮ್ಮಲ್ಲೂ ಬರಬಹುದು. ಟರ್ಕಿಷ್ ಮೊದಲೇ ಕಲಿತಿದ್ದ ಮಗುವಿಗೆ ಆ ದಾಟು ಹಗುರವಾಗಿರುತ್ತದೆ, ಅರಬ್ಬಿಯಲ್ಲೇ ಉಳಿದ ಮಗುವಿಗೆ ಹೊಸದಾಗಿ ಶುರು.

ದಾಟಿದ ಮೇಲೆ ಮೊದಲ ಮೂರು ತಿಂಗಳು ಸಂಜೆ ಒಂದು ಗಂಟೆ ಮನೆಪಾಠದ ನೆರವು ಕೊಡಿ. ಸಮವಸ್ತ್ರ, ಬಸ್ ಚಾರ್ಜು, ಗೇಲಿ, ಈ ಮೂರರಿಂದ ಅನೇಕರು ವಾಪಸಾಗುತ್ತಾರೆ.

ನಿರಾಶ್ರಿತರ ಮನೆ ಒಂದು ರಾತ್ರಿಯಲ್ಲಿ ಜಾಗ ಬದಲಿಸಬಹುದು. ಆದ್ದರಿಂದ ಪ್ರತಿ ಮಗುವಿನ ಕಡತಕ್ಕೆ ಎರಡು ಪ್ರತಿ ಇರಲಿ, ಒಂದು ನಿಮ್ಮಲ್ಲಿ, ಇನ್ನೊಂದು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ತಾಯಿಯ ಕೈಯಲ್ಲಿ. ಅದರೊಳಗೆ ಮಗುವಿನ ಹೆಸರು ಎರಡು ಲಿಪಿಯಲ್ಲಿ, ಹುಟ್ಟಿದ ವರ್ಷ, ಸೇರಿದ ದಿನ, ಒಟ್ಟು ಪಾಠದ ಗಂಟೆ, ಓದು ಮತ್ತು ಲೆಕ್ಕದ ಮಟ್ಟ, ಕೊನೆಗೆ ಓದಿದ ಪಾಠದ ಸಂಖ್ಯೆ, ಶಾಲೆಯ ಮುದ್ರೆ. ಧರ್ಮದ ಕಲಂ ಬೇಡ. ಆರರಿಂದ ಎಂಟು ವಾರಕ್ಕೊಮ್ಮೆ ಮಟ್ಟ ಪರೀಕ್ಷಿಸಿದ ದಿನವೇ ತಾಯಿಯ ಪ್ರತಿಯನ್ನೂ ತರಿಸಿ ಹೊಸ ಮಟ್ಟ ಬರೆದು, ಮುದ್ರೆ ಹಾಕಿ, ಅದೇ ಸಂಜೆ ವಾಪಸು ಕಳಿಸಿ.